ಜೀಪಿನ ಮುಂದಿನ ಸೀಟು

ಭಾನುವಾರ ಬಂತೆಂದರೆ ಅಪ್ಪ ಗಡ್ಡ ಹೆರೆದುಕೊಳ್ಳುತ್ತಿದ್ದ. ಉಳಿದ ದಿನವೆಲ್ಲ ಮುಳ್ಳುಹಂದಿ. ಭಾನುವಾರ ಚಿಕ್ಕವಳು ಪಟ್ಟಣದಿಂದ ಬರುತ್ತಾಳೆ, ಅದಕ್ಕೆ. ದೊಡ್ಡವಳು ಹೇಗೂ ಮನೆಯಲ್ಲೇ ಇದ್ದಾಳೆ. ಅವಳಿಗೆ ಮುಳ್ಳಾದರೇನು, ಹೂವಾದರೇನು.

ದೊಡ್ಡವಳು ಗಂಡನನ್ನು ಕಳೆದುಕೊಂಡು ಅಪ್ಪನ ಹತ್ತಿರ ಬಂದಿದ್ದಳು. ಗಂಡ ಗ್ಯಾಸ್ ಸಿಲಿಂಡರಿನ ವ್ಯಾನ್ ಓಡಿಸುತ್ತಿದ್ದ. ಒಂದು ಬೆಳಿಗ್ಗೆ ಸಿಲಿಂಡರ್ ಇಳಿಸುತ್ತಾ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಮಕ್ಕಳಿರಲಿಲ್ಲ. ಬಾಡಿಗೆ ಮನೆ ಬಿಟ್ಟಳು. ಪಾತ್ರೆ ಪಗಡ, ಹಾಸಿಗೆ, ಅವನ ಒಂದು ಸ್ವೆಟರ್, ಇಷ್ಟೇ ತಂದಳು. ಬದುಕಿದ್ದಾಗ ಆ ವ್ಯಾನಿನ ಮುಂದಿನ ಸೀಟು ಅವಳದು. "ಇದು ನಿನ್ನ ಸಿಂಹಾಸನ, ಬೇರೆ ಯಾರನ್ನೂ ಕೂರ್ಸಲ್ಲ" ಎನ್ನುತ್ತಿದ್ದ. ಅವನು ಹೋದ ಮೇಲೆ ಮಾಲೀಕರು ವ್ಯಾನನ್ನು ಇನ್ನೊಬ್ಬನಿಗೆ ಕೊಟ್ಟರು. ಒಮ್ಮೆ ಬಸ್ಸಿನ ಕಿಟಕಿಯಿಂದ ಅದನ್ನು ನೋಡಿದಳು. ಮುಂದಿನ ಸೀಟಿನಲ್ಲಿ ಯಾರೋ ಹೆಂಗಸು ಕಾಲ ಮೇಲೆ ಕಾಲು ಹಾಕಿಕೊಂಡು ಕಡಲೆಕಾಯಿ ತಿನ್ನುತ್ತಿದ್ದಳು. ಗಂಡನ ಹೆಣದ ಮುಂದೆ ಕೂಡ ಅವಳಿಗೆ ಅಷ್ಟು ಮೈ ಉರಿದಿರಲಿಲ್ಲ.

ಅಪ್ಪನದು ದನ ಸಾಕುವ ಜಾಗ. ಗುಡ್ಡದ ಇಳಿಜಾರಿನ ಉದ್ದಕ್ಕೂ ಹುಲ್ಲುಗಾವಲು, ಸುತ್ತ ತಂತಿ ಬೇಲಿ, ಮಧ್ಯೆ ಮಣ್ಣಿನ ದಾರಿ, ತಗ್ಗಿನಲ್ಲಿ ಮನೆ, ಮನೆಗೆ ಒತ್ತಿಕೊಂಡು ಕೊಟ್ಟಿಗೆ. ಮೇಲಿನ ಬಯಲಿಗೆ ಮೇವಿನ ಮೂಟೆ ಸಾಗಿಸಲು ಒಂದು ಹಳೆಯ ಜೀಪು. ಅಪ್ಪ ಗೇಟಿನ ಹತ್ತಿರ ನಿಂತು ಉದ್ದಕ್ಕೆ ಹಾರನ್ ಒತ್ತಿದರೆ ಸಾಕು, ದನಗಳು ಎಲ್ಲಿದ್ದರೂ ಬಾಲ ಎತ್ತಿಕೊಂಡು ಓಡಿ ಬರುತ್ತಿದ್ದವು. ಹಾರನ್ ಎಂದರೆ ಹಿಂಡಿ, ಹಿಂಡಿ ಎಂದರೆ ಹಾರನ್, ಅವುಗಳ ಲೆಕ್ಕ ಅಷ್ಟೇ.

ಎಲ್ಲಕ್ಕೂ ಮುಂದೆ ಬರುವುದು ಒಂದು ಮುದಿ ಹಸು. ಮೈಯೆಲ್ಲಾ ಸುಣ್ಣ ಬಳಿದ ಹಾಗೆ ಬಿಳಿ. ಅಪ್ಪ ಅದಕ್ಕೆ ಯಜಮಾನಿ ಎಂದು ಹೆಸರಿಟ್ಟಿದ್ದ. ಬೆಳಿಗ್ಗೆ ಎದ್ದವನೇ "ಯಜಮಾನಿ ಎದ್ದಳಾ?" ಎಂದು ಕೇಳುತ್ತಿದ್ದ. ಮಗಳು ಎದ್ದು ಕೊಟ್ಟಿಗೆ ಬಾಚಿ, ಹಾಲು ಕರೆದು, ಚಹಾ ಕಾಸಿ ಎದುರಿಗೆ ಹಿಡಿದಿರುತ್ತಿದ್ದಳು.

"ಎದ್ದಿದಾಳೆ. ಚಹಾನೂ ಅವಳೇ ಮಾಡಿದಾಳೆ, ಕುಡಿ" ಎಂದಳು ಒಂದು ದಿನ.

"ಅವಳು ಮಾಡಿದ್ರೆ ಸಕ್ಕರೆ ಸರಿಯಾಗಿರ್ತಿತ್ತು" ಎಂದ ಅಪ್ಪ.

ಹಸುವಿನ ಮೇಲೂ ಹೊಟ್ಟೆಕಿಚ್ಚು ಪಡುವ ಗತಿ ಬಂತಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಆದರೂ ಪಟ್ಟಳು.

ಚಿಕ್ಕವಳ ಮಾತೇ ಬೇರೆ. ಅವಳು ಪಟ್ಟಣದಲ್ಲಿ ಔಷಧದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಲೈಸೆನ್ಸಿನ ವಯಸ್ಸಾದಾಗ ಅಪ್ಪ ಅವಳಿಗೆ ಜೀಪು ಓಡಿಸಲು ಕಲಿಸಿದ್ದ. ಅಮ್ಮ ಸತ್ತ ಹೊಸತು ಅದು. ಅಡುಗೆಮನೆ ದೊಡ್ಡವಳ ತಲೆಗೆ ಬಿದ್ದಿತ್ತು. ಅವಳು ಒಲೆ ಊದುತ್ತಾ ಕಿಟಕಿಯಿಂದ ನೋಡುತ್ತಿದ್ದಳು. ಬಯಲಲ್ಲಿ ಜೀಪು ಕಪ್ಪೆಯ ಹಾಗೆ ಕುಪ್ಪಳಿಸುವುದು, ಅಪ್ಪ ಹೊಟ್ಟೆ ಹಿಡಿದುಕೊಂಡು ನಗುವುದು. ಆ ನಗುವನ್ನು ಅವಳು ಇವತ್ತಿಗೂ ಮರೆತಿರಲಿಲ್ಲ.

ಈಗ ಭಾನುವಾರ ಅಪ್ಪ ಬಸ್ ಸ್ಟಾಪಿಗೆ ಜೀಪು ತೆಗೆದುಕೊಂಡು ಹೋಗಿ ಚಿಕ್ಕವಳನ್ನು ಕರೆತರುತ್ತಿದ್ದ. ಆಮೇಲೆ ಮೂವರೂ ಮೇಲಿನ ಬಯಲಿಗೆ. ಮುಂದೆ ಅಪ್ಪ, ಪಕ್ಕದಲ್ಲಿ ಚಿಕ್ಕವಳು. ದೊಡ್ಡವಳು ಹಿಂದೆ, ಹಿಂಡಿ ಮೂಟೆಯ ಮೇಲೆ. ಮುಂದಿನವರ ಮಾತು ಗಾಳಿಗೆ ಹಾರಿ ಹೋಗುತ್ತಿತ್ತು. ಹಿಂದಕ್ಕೆ ಬರುತ್ತಿದ್ದುದು ಧೂಳು ಮಾತ್ರ.

ಅಪ್ಪನ ಜೀಪು ಅಂಕುಡೊಂಕಾಗಿ ಹೋಗಲು ಶುರುವಾಗಿ ಸುಮಾರು ಕಾಲವಾಗಿತ್ತು. ಹಾಲಿನ ವ್ಯಾನಿನ ಕನ್ನಡಿ ಮುರಿದ. ಕೊಟ್ಟಿಗೆಯ ಮೂಲೆಗೆ ಗುದ್ದಿ ಎರಡು ಇಟ್ಟಿಗೆ ಉದುರಿಸಿದ. ದನದ ಡಾಕ್ಟರು ಒಂದು ದಿನ ಸ್ಕೂಟರ್ ತಳ್ಳಿಕೊಂಡೇ ಬಂದರು.

"ಏನಮ್ಮಾ, ನಿಮ್ಮಪ್ಪ ನನ್ನನ್ನ ಬೇಲಿಗೆ ಒರೆಸಿ ಹೋದ್ರು. ಕೂಗಿದ್ರೂ ತಿರುಗ್ಲಿಲ್ಲ. ನಾನೇನು ಅಷ್ಟು ತೆಳ್ಳಗಿದೀನಾ, ಕಾಣದಷ್ಟು?" ಅವರ ಹೊಟ್ಟೆಯೇ ಅವರಿಗಿಂತ ಒಂದು ಹೆಜ್ಜೆ ಮುಂದಿತ್ತು.

"ಅಪ್ಪಾ, ಜೀಪು ಬಿಡು. ಯಾರನ್ನಾದ್ರೂ ಸಾಯಿಸ್ತೀಯ" ಎಂದಳು ದೊಡ್ಡವಳು.

"ರಸ್ತೇಲಿ ಬರೋರಿಗೆ ಕಣ್ಣಿಲ್ವಾ?" ಎಂದ ಅಪ್ಪ.

ಅವಳು ಬಿಡಲಿಲ್ಲ. ಒಬ್ಬನನ್ನು ಮಣ್ಣಿಗಿಟ್ಟು ಬಂದವಳಿಗೆ ಇನ್ನೊಬ್ಬನನ್ನು ಇಡುವ ಶಕ್ತಿ ಇರಲಿಲ್ಲ. ದಿನಾ ಹೇಳಿದಳು. ಕೀ ಕೊಡು ಎಂದಳು. ಅಪ್ಪ ಕೀಯನ್ನು ಸೊಂಟದ ಚೀಲದಲ್ಲಿ ಸಿಕ್ಕಿಸಿಕೊಂಡು ಮಲಗತೊಡಗಿದ. ಅವಳು ಚಿಕ್ಕವಳಿಗೂ ಹೇಳಿದಳು. ಚಿಕ್ಕವಳು ಅತ್ತ ಇತ್ತ ನೋಡಿ, "ನಾನು ಮಾತಾಡ್ತೀನಿ ಅಕ್ಕ, ನೀನು ಸುಮ್ನಿರು" ಎಂದಳು. ಮುಂದಿನ ಭಾನುವಾರ ಅಪ್ಪನನ್ನು ಪಟ್ಟಣಕ್ಕೆ ಕರೆದುಕೊಂಡು ಹೋದಳು, ಶರ್ಟು ಕೊಡಿಸಲು. ಸಂಜೆ ನೀಲಿ ಶರ್ಟು ಬಂತು. ಅಪ್ಪ ಅದನ್ನು ಮೂಗಿನ ಹತ್ತಿರ ಹಿಡಿದು ಹಿಡಿದು ನೋಡಿದ. ದೊಡ್ಡವಳು ಆ ಶರ್ಟನ್ನು ಒಗೆಯುವಾಗ ಉಳಿದ ಬಟ್ಟೆಗಿಂತ ಎರಡು ಏಟು ಜಾಸ್ತಿ ಹಾಕುತ್ತಿದ್ದಳು.

ಗೇಟಿನ ಎಡಗಂಬಕ್ಕೆ ಒತ್ತಿಕೊಂಡು ದನಗಳಿಗೆ ಉಪ್ಪು ಇಡುವ ತೊಟ್ಟಿ ಇತ್ತು. ದನಗಳು ನಿಂತು ನಿಂತು ಅಲ್ಲಿ ಮೊಳಕಾಲುದ್ದ ಕೆಸರು. ಗೊರಸು ಕೊಳೆಯುತ್ತದೆ, ತೊಟ್ಟಿಯನ್ನು ಒಣ ಜಾಗಕ್ಕೆ ಹಾಕಿ ಎಂದು ಡಾಕ್ಟರು ಹೇಳಿದ್ದರು. ಅಪ್ಪ ಆಗಲಿ ಆಗಲಿ ಎಂದು ಕಾಲ ತಳ್ಳುತ್ತಿದ್ದ. ಒಂದು ಮಧ್ಯಾಹ್ನ ಅವನು ಮೇವಿನ ಅಂಗಡಿಗೆ ಹೋದಾಗ ದೊಡ್ಡವಳು ತೊಟ್ಟಿಗೆ ಹಗ್ಗ ಕಟ್ಟಿ ಎಳೆದಳು. ಗೇಟಿನಿಂದ ಮೇಲಕ್ಕೆ, ಬೇಲಿಯ ಪಕ್ಕದ ಚರಂಡಿ ದಾಟಿ, ಗಟ್ಟಿ ನೆಲದಲ್ಲಿ ಇಟ್ಟಳು. ಒಬ್ಬಳೇ ಎಳೆದೆಯಾ ಎಂದು ಅಪ್ಪ ಹೊಗಳಬಹುದು ಎಂಬ ಆಸೆಯೂ ಇತ್ತು. ಸುಳ್ಳು ಯಾಕೆ ಹೇಳಬೇಕು.

ಸಂಜೆ ಹೊತ್ತು ಮುಳುಗುವ ಮುಂಚೆ ಹಾರನ್ ಕೇಳಿಸಿತು. ನಿಲ್ಲಲೇ ಇಲ್ಲ. ಅವಳು ಕೈಯಲ್ಲಿದ್ದ ಬಕೆಟ್ಟು ಬಿಸಾಕಿ ಓಡಿದಳು.

ಜೀಪು ಚರಂಡಿಯಲ್ಲಿ ಮೂತಿ ಇಟ್ಟು ನಿಂತಿತ್ತು. ಹಾರನ್ ಒಂದೇ ಸಮ ಕೂಗುತ್ತಿತ್ತು. ಅಷ್ಟೂ ದನಗಳು ಓಡಿ ಬಂದು ಅದನ್ನು ಸುತ್ತುವರಿದಿದ್ದವು. ಒಂದು ಹಿಂದಿನ ಮೂಟೆಗೆ ಬಾಯಿ ಹಾಕಿತ್ತು. ಇನ್ನೊಂದು ಕನ್ನಡಿ ನೆಕ್ಕುತ್ತಿತ್ತು. ಅವಳು ದನಗಳ ಪಕ್ಕೆಗೆ ಮೊಣಕೈಯಿಂದ ತಿವಿಯುತ್ತಾ, ಬಾಯಿಗೆ ಬಂದ ಹಾಗೆ ಬೈಯುತ್ತಾ ನುಗ್ಗಿದಳು. ಅಪ್ಪ ಸ್ಟೀರಿಂಗಿನ ಮೇಲೆ ಬಗ್ಗಿದ್ದ. ಸಿಲಿಂಡರ್ ಗಾಡಿಯ ಪಕ್ಕ ಕೂತಿದ್ದವನದೂ ಇದೇ ಬಗ್ಗಿದ ಬೆನ್ನು.

ಅಪ್ಪ ತಲೆ ಎತ್ತಿದ. ಹಣೆಯಿಂದ ರಕ್ತ ಇಳಿಯುತ್ತಿತ್ತು. ಅವನು ಬೈಯುತ್ತಿದ್ದುದು ಹಸುವಿಗೆ.

"ಈ ಮುಂಡೇದು ಇಲ್ಲಿ ಯಾಕೆ ಬಂದು ನಿಂತಿದೆ? ಯಜಮಾನಿ ಇಲ್ಲಿ ನಿಲ್ಲೋಳಲ್ಲ. ಅವಳ ಜಾಗ ಗೇಟಿನ ಹತ್ತಿರ. ನಾನು ಸರಿಯಾಗೇ ತಿರುಗ್ಸಿದೆ. ಅವಳ ಬಲಕ್ಕೆ ತಿರುಗ್ಸಿದೆ!"

ಅವಳು ಹಾರನ್ನಿನ ತಂತಿ ಕಿತ್ತಳು. ಸದ್ದು ಅಡಗಿತು. ಆಗ ತಲೆಗೆ ಹೊಳೆಯಿತು.

"ಅಪ್ಪಾ, ನೀನು ಗೇಟು ನೋಡಿ ತಿರುಗ್ಸಲ್ವಾ?"

ಅಪ್ಪ ಹಣೆಯ ರಕ್ತವನ್ನು ತೋಳಿಗೆ ಒರೆಸಿಕೊಂಡ.

"ಹಸು ನೋಡಿ ತಿರುಗ್ಸ್ತೀಯಾ?"

"ಬಿಳಿ ಬಣ್ಣ ಅಲ್ವಾ" ಎಂದ ಕೊನೆಗೆ. "ಅದಷ್ಟು ಕಾಣುತ್ತೆ."

"ತೊಟ್ಟಿ ನಾನು ಈ ಕಡೆ ಹಾಕಿದೆ. ಇವತ್ತು."

"ಹೇಳಿ ಹಾಕ್ಬಾರ್ದಾ?"

"ನೀನು ಹೇಳಿದ್ಯಾ, ನನಗೆ ಹಸು ಗುರುತು ಅಂತ?"

ಯಜಮಾನಿ ಇಬ್ಬರನ್ನೂ ನೋಡಿ ಉಪ್ಪು ನೆಕ್ಕಲು ಹೋಯಿತು.

ಡಾಕ್ಟರು ಬಂದರು. ನೆರೆಯವನ ಟ್ರ್ಯಾಕ್ಟರಿನಿಂದ ಜೀಪನ್ನು ಎಳೆಸಿದರು. ತಾವೇ ಅಪ್ಪನ ಹಣೆ ತೊಳೆದು ಮುಲಾಮು ಹಚ್ಚಿದರು. "ದನಕ್ಕೆ ಹಚ್ಚೋದು ಯಜಮಾನ್ರೇ, ನಿಮಗೂ ಹಿಡಿಯುತ್ತೆ. ಕೊಂಬು ಬಂದ್ರೆ ಹೇಳಿ." ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ದೊಡ್ಡವಳ ಹತ್ತಿರ ದನಿ ತಗ್ಗಿಸಿದರು. "ಕಣ್ಣಿನ ಆಸ್ಪತ್ರೇಲಿ ಗಾಡಿ ಮುಟ್ಟಲೇಬೇಡಿ ಅಂದಿದ್ರಂತಲ್ಲಮ್ಮಾ. ನರಾನೇ ಒಣಗಿದೆ, ಆಪರೇಷನ್ ಮಾಡಿದ್ರೂ ಹೋದ ನೋಟ ಬರಲ್ಲ ಅಂದ್ರಂತೆ. ನಿಮ್ಮ ತಂಗಿ ಬಸ್ಸಲ್ಲಿ ಸಿಕ್ಕಾಗ ಹೇಳ್ತಿದ್ರು."

"ಯಾವಾಗ ಹೋಗಿದ್ರು ಆಸ್ಪತ್ರೆಗೆ?"

ಡಾಕ್ಟರಿಗೆ ಬಾಯಿ ತಪ್ಪಿತೆಂದು ಗೊತ್ತಾಯಿತು. "ಅದೇ... ಶರ್ಟು ತಂದ ದಿನ" ಎಂದು ಸ್ಕೂಟರ್ ಹತ್ತಿದರು.

ದೊಡ್ಡವಳು ಒಲೆಯ ಮುಂದೆ ಕೂತಳು. ಅಪ್ಪನಿಗೆ ಕಣ್ಣು ಹೋಗುತ್ತಿದೆ ಎಂಬ ದುಃಖ ಮೊದಲು ಬರಬೇಕಿತ್ತು. ಬಂದದ್ದು ಅದಲ್ಲ. ಚಿಕ್ಕವಳಿಗೆ ಗೊತ್ತು, ಬಸ್ಸಿನಲ್ಲಿ ಸಿಕ್ಕ ಡಾಕ್ಟರಿಗೆ ಗೊತ್ತು, ಹಸುವಿಗೆ ಕೂಡ ಗೊತ್ತಿದ್ದ ಹಾಗಿದೆ, ನನಗೆ ಗೊತ್ತಿಲ್ಲ. ಇದು ಬಂತು. ಅವನ ಉಗುರು ಕತ್ತರಿಸುವವಳು ನಾನು. ಅವನ ಕಫದ ಬಟ್ಟಲು ತೊಳೆಯುವವಳು ನಾನು. ಗುಟ್ಟು ಹೇಳಿಕೊಳ್ಳಲು ಭಾನುವಾರದವಳು ಬೇಕು. ಹಿತ್ತಲ ಗಿಡ ಮದ್ದಲ್ಲ ಎಂದು ಯಾರು ಹೇಳಿದರೋ, ಅವರ ಹಿತ್ತಲಲ್ಲಿ ಒಬ್ಬಳು ದೊಡ್ಡ ಮಗಳು ಇದ್ದಿರಬೇಕು.

ಭಾನುವಾರ ಚಿಕ್ಕವಳನ್ನು ಕರೆತರಲು ಜೀಪು ಹೋಗಲಿಲ್ಲ. ನಡೆದೇ ಬಂದಳು. ಅಪ್ಪನ ಹಣೆಯ ಪಟ್ಟಿ ನೋಡಿ ಗೋಳೋ ಎಂದಳು. ದೊಡ್ಡವಳು ಎಣ್ಣೆಗೆ ಬಿದ್ದ ಸಾಸಿವೆಯಾದಳು.

"ಈಗ ಅಳು. ಶರ್ಟು ತರೋಕೆ ಹೋದವಳು ಇಂಥ ಮಾತು ಮುಚ್ಚಿಟ್ಟು ಬಂದೆಯಲ್ಲೇ!"

"ಅಪ್ಪ ಆಣೆ ಹಾಕ್ಸಿದ್ರು ಅಕ್ಕ. ನಿನಗೆ ಹೇಳಿದ್ರೆ ಅವತ್ತೇ ಕೀ ಕಸ್ಕೋತಿದ್ದೆ ಅಂತ."

"ಹೌದು, ಕಸ್ಕೋತಿದ್ದೆ. ಕಸ್ಕೊಂಡಿದ್ರೆ ಹಣೆ ಒಡೀತಿರ್ಲಿಲ್ಲ."

ಅಪ್ಪ ಗೋಡೆಗೆ ಒರಗಿ ಕೂತಿದ್ದ. ಸೊಂಟದ ಚೀಲಕ್ಕೆ ಕೈ ಹಾಕಿ ಕೀ ತೆಗೆದ. ದೊಡ್ಡವಳು ಎದ್ದು ನಿಂತಳು. ಅವಳಿಗೆ ಗೊತ್ತಿಲ್ಲದೆಯೇ ಕೈ ಸೆರಗಿಗೆ ಒರೆಸಿಕೊಂಡಳು.

"ತಗೋ ಚಿಕ್ಕವಳೇ, ನೀನೇ ಇಟ್ಕೋ" ಎಂದ ಅಪ್ಪ. "ಓಡ್ಸೋಕೆ ಬರೋಳು ನೀನು."

ಚಿಕ್ಕವಳು ಕೀಯನ್ನು ಕೈಚೀಲಕ್ಕೆ ಹಾಕಿಕೊಂಡು ಸಂಜೆಯ ಬಸ್ಸಿಗೆ ಹೋದಳು. ಅಪ್ಪ ಇನ್ನು ಜೀಪು ಹತ್ತುವುದಿಲ್ಲ. ದೊಡ್ಡವಳಿಗೆ ಬೇಕಾಗಿದ್ದೂ ಅದೇ ತಾನೆ? ಆದರೂ ಅವಳು ಆ ದಿನ ಊಟ ಮಾಡಲಿಲ್ಲ.

ಜೀಪು ನಿಂತಿತು. ದನಗಳ ಹೊಟ್ಟೆ ನಿಲ್ಲುತ್ತದೆಯೇ? ದೊಡ್ಡವಳು ಹಿಂಡಿಯನ್ನು ಕೈಗಾಡಿಯಲ್ಲಿ ತಳ್ಳಿದಳು. ಏರಿನಲ್ಲಿ ಅವಳು ಮೇಲಕ್ಕೆ ತಳ್ಳಿದರೆ ಗಾಡಿ ಕೆಳಕ್ಕೆ ತಳ್ಳುತ್ತಿತ್ತು. ಅಂಗೈ ಬೊಬ್ಬೆ ಎದ್ದಿತು. ಮೇಲೆ ಹೋಗಿ ಹೋ ಎಂದು ಕೂಗಿದರೆ ಒಂದು ದನವೂ ಬರಲಿಲ್ಲ. ಇದ್ಯಾರಪ್ಪ ಎನ್ನುವ ಹಾಗೆ ದೂರದಲ್ಲೇ ನಿಂತು ಮೆಲುಕು ಹಾಕಿದವು. ಯಜಮಾನಿ ಮುಖ ತಿರುಗಿಸಿತು.

ಹೀಗೆ ಎರಡು ದಿನ ಹೆಣಗಿದಳು. ಕೊನೆಗೆ ಒಂದು ಬೆಳಿಗ್ಗೆ ಕೈಗಾಡಿಯನ್ನು ಅಂಗಳದಲ್ಲಿ ಬಿಟ್ಟು, ನಿಂತ ಜೀಪಿನ ಬಾಗಿಲು ತೆಗೆದು ಒಳಗೆ ಕೂತಳು. ಕಿತ್ತಿದ್ದ ತಂತಿ ಸಿಕ್ಕಿಸಿದಳು. ಹಳೆಯ ಜೀಪು, ಹಾರನ್ನಿಗೆ ಕೀ ಬೇಕಿರಲಿಲ್ಲ. ಉದ್ದಕ್ಕೆ ಒತ್ತಿದಳು. ಗುಡ್ಡದ ಮೇಲಿಂದ ದನಗಳು ದಡದಡ ಇಳಿದು ಬಂದವು.

ಮನೆಯೊಳಗಿಂದ ಅಪ್ಪ ಗೋಡೆ ಸವರಿಕೊಂಡು ಓಡೋಡಿ ಬಂದ. ಮುಖ ಅರಳಿತ್ತು. ಅವನು ಕೂಗಿದ, "ಚಿಕ್ಕವಳು ಬಂದ್ಲಾ? ಚಿಕ್ಕವಳೇ!"

ದೊಡ್ಡವಳ ಕೈ ಹಾರನ್ನಿನಿಂದ ಜಾರಿತು. "ಇಲ್ಲ. ನಾನು" ಎಂದಳು.

"ಓ, ನೀನಾ" ಎಂದ ಅಪ್ಪ.

ಆ "ಓ, ನೀನಾ" ಅವಳಿಗೆ ನಾಟಿತು. ಗಂಡ ಸತ್ತಾಗ ಕೂಡ ಅವಳು ಜನರೆದುರು ಬಾಯಿ ಬಿಟ್ಟು ಅತ್ತವಳಲ್ಲ. ಈಗ ದನಗಳ ಮಧ್ಯೆ, ಓಡದ ಜೀಪಿನಲ್ಲಿ ಕೂತು ಅತ್ತಳು. ಅಳುತ್ತಲೇ ಕೇಳಿದಳು.

"ನನಗೆ ಯಾಕೆ ಕಲಿಸ್ಲಿಲ್ಲ ನೀನು? ಅವಳಿಗೆ ಕಲಿಸ್ದೆ. ನಾನು ಒಲೆ ಮುಂದೆ ಕೂತು ನೋಡ್ತಿದ್ದೆ. ನನಗೆ ಯಾಕೆ ಕಲಿಸ್ಲಿಲ್ಲ, ಹೇಳು."

ಅಪ್ಪ ಜೀಪಿನ ಮೂತಿಯನ್ನು ಕೈಯಲ್ಲಿ ಸವರುತ್ತಾ ಈ ಕಡೆಯಿಂದ ಆ ಕಡೆಗೆ ಬಂದ. ಪಕ್ಕದ ಸೀಟಿನ ಬಾಗಿಲು ತಡವಿ, ತೆಗೆದು, ಕೂತ. ಸ್ವಲ್ಪ ಹೊತ್ತು ಮಂಡಿ ಉಜ್ಜಿಕೊಂಡ.

"ಕಲಿತವಳು ಹಾರಿ ಹೋಗ್ತಾಳೆ ಅಂತ ಗೊತ್ತಿತ್ತು" ಎಂದ. "ಅವಳ ಕಾಲು ಮೊದಲಿಂದ್ಲೂ ನೆಲದ ಮೇಲೆ ಇರ್ಲಿಲ್ಲ. ನೀನಾದ್ರೂ ಇರ್ಲಿ ಅಂದ್ಕೊಂಡೆ. ನಿನಗೂ ಕಲಿಸಿದ್ರೆ ನೀನೂ ಹೋಗ್ತಿದ್ದೆ."

"ಹೋದ್ನಲ್ಲ. ಮದುವೆಯಾಗಿ ಹೋದ್ನಲ್ಲ."

"ಹೋದೆ. ಕರ್ಕೊಂಡು ಹೋದ ಬಡ್ಡೀಮಗ ಡ್ರೈವರು."

ಅವಳಿಗೆ ಅಳುವಿನಲ್ಲೇ ನಗು ಬಂತು. ಸಿಟ್ಟೂ ಬಂತು. ಇಷ್ಟು ವರ್ಷ ತಾನು ಬೇಡದವಳು ಎಂದುಕೊಂಡಿದ್ದಳು. ಬೇಕಾದವಳನ್ನು ಹೀಗೆ ಹಗ್ಗ ಹಾಕಿ ಕಟ್ಟುತ್ತಾರೆಯೇ? ದನವೇ ತಾನು? ಅದನ್ನೇ ಕೇಳಿದಳು.

"ನನಗೆ ದನ ಸಾಕೋದು ಬಿಟ್ರೆ ಇನ್ನೇನು ಗೊತ್ತು" ಎಂದ ಅಪ್ಪ.

ಆಮೇಲೆ ಅವನು ಕಾಲಿನ ಬೂಟು ಬಿಚ್ಚಿದ. ಬೂಟಿನೊಳಗಿನ ಮೆತ್ತೆ ಎತ್ತಿ, ಅದರಡಿಯಿಂದ ಏನನ್ನೋ ತೆಗೆದು ಅವಳ ಅಂಗೈಗೆ ಇಟ್ಟ. ಬೆಚ್ಚಗಿತ್ತು, ನಾರುತ್ತಿತ್ತು. ಇನ್ನೊಂದು ಕೀ.

"ಎರಡಿತ್ತಾ?"

"ಯಾವಾಗ್ಲೂ ಎರಡಿತ್ತು."

"ಓಡ್ಸೋಕೆ ಇಟ್ಕೊಂಡಿದ್ಯಾ, ಕಳ್ಳ?"

"ನಿನ್ನೆ ಒಂದು ಸಲ ಹತ್ತಿ ಕೂತಿದ್ದೆ. ನೀನು ಗಾಡಿ ತಳ್ಕೊಂಡು ಏರು ಹತ್ತೋ ಸದ್ದು ಕೇಳಿಸ್ತು. ಮುಂದೆ ಎಲ್ಲೋ ಇದೀಯ, ಎಲ್ಲಿದೀಯ ಅಂತ ಕಾಣಿಸ್ಲಿಲ್ಲ." ಅಪ್ಪ ಬೂಟು ಹಾಕಿಕೊಂಡ. "ನೀನು ಬಿಳಿ ಸೀರೆ ಉಡಲ್ವಲ್ಲ. ಇಳಿದ್ಬಿಟ್ಟೆ."

ಅವಳು ಕೀಯನ್ನು ಬಿಗಿಯಾಗಿ ಹಿಡಿದಳು.

"ಚಿಕ್ಕವಳಿಗೆ ಹೇಳ್ಬೇಡ" ಎಂದ ಅಪ್ಪ. "ಒಂದೇ ಕೀ ಅಂತ ಆಣೆ ಮಾಡಿದೀನಿ."

ಹೊಟ್ಟೆಗೆ ತಣ್ಣನೆ ಹಾಲು ಹೊಯ್ದ ಹಾಗಾಯಿತು ಅವಳಿಗೆ. ತಂಗಿಗೆ ಗೊತ್ತಿಲ್ಲದ ಗುಟ್ಟೊಂದು ಕಡೆಗೂ ಅವಳ ಪಾಲಿಗೆ ಬಂತು. ಕಾಲಿನ ಬೆವರು ನಾರುವ ಗುಟ್ಟಾದರೂ ಗುಟ್ಟೇ.

"ಹೇಳಲ್ಲ" ಎಂದಳು. "ಆದ್ರೆ ಇದು ನನ್ನ ಹತ್ರಾನೇ ಇರುತ್ತೆ. ನಿನ್ನ ಕೈಗೆ ಇನ್ನು ಕೊಡಲ್ಲ."

"ಕೊಡ್ಬೇಡ. ಕ್ಲಚ್ ಒತ್ತು."

"ಯಾವುದು?"

"ಎಡಗಾಲಿಂದು. ಅದಲ್ಲ! ಅದು ಬ್ರೇಕು. ಹಾಂ. ಈಗ ಮೆಲ್ಲಗೆ ಬಿಡು. ಮೊಲೆ ಹಿಂಡೋ ಹಾಗೆ ಹದವಾಗಿ. ಎಷ್ಟು ಹಸು ಕರ್ದಿದೀಯ, ಇದು ಬರಲ್ವಾ?"

ಜೀಪು ಕಪ್ಪೆಯ ಹಾಗೆ ಕುಪ್ಪಳಿಸಿ ನಿಂತಿತು. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಅದೇ ನಗು. ದೊಡ್ಡವಳು ಬೇಕೆಂದೇ ಇನ್ನೊಂದು ಸಲ ಕುಪ್ಪಳಿಸಿದಳು.

ಭಾನುವಾರ ಬರುವ ಹೊತ್ತಿಗೆ ಅವಳು ಬಯಲಲ್ಲಿ ಮೂಟೆ ಸಾಗಿಸುವಷ್ಟು ಕಲಿತಿದ್ದಳು. ಒಂದು ಬೇಲಿ ಕಂಬ ಬಾಗಿತ್ತು, ಆ ತಪ್ಪನ್ನು ದನದ ಮೇಲೆ ಹಾಕಿದರು. ಲೈಸೆನ್ಸ್ ಆಗುವ ತನಕ ಗೇಟಿನಿಂದ ಆಚೆ ಇಳಿಯಬಾರದು ಎಂದು ಅಪ್ಪನೇ ಕಟ್ಟಳೆ ಹಾಕಿದ್ದ. ಗೇಟು ಹತ್ತಿರ ಬಂದಾಗ ಅಪ್ಪ ಕೇಳುತ್ತಿದ್ದ, "ಯಜಮಾನಿ ಎಲ್ಲಿದಾಳೆ?" ಅವಳು ಹೇಳುತ್ತಿದ್ದಳು. "ಎಡಕ್ಕೆ, ತೊಟ್ಟಿ ಹತ್ರ. ನಿನ್ನನ್ನೇ ನೋಡ್ತಿದಾಳೆ." ಅಪ್ಪ ಆ ಕಡೆಗೆ ಕೈ ಬೀಸುತ್ತಿದ್ದ. ಆ ಹಸುವಿನ ಮೇಲೆ ಅವಳಿಗೆ ಈಗ ಮೊದಲಿನಷ್ಟು ಉರಿಯುತ್ತಿರಲಿಲ್ಲ. ಸ್ವಲ್ಪ ಉರಿಯುತ್ತಿತ್ತು.

ಭಾನುವಾರ ಅಪ್ಪನ ಗಡ್ಡ ಬೋಳಾಗಿತ್ತು. ಮೈಮೇಲೆ ನೀಲಿ ಶರ್ಟು. ಅವಳು ಕಂಡೂ ಕಾಣದ ಹಾಗೆ ಜೀಪು ತೆಗೆದಳು. ಗೇಟಿನ ಒಳಗೆ ನಿಲ್ಲಿಸಿ ಕಾದರು. ಚಿಕ್ಕವಳು ಬಸ್ಸಿಳಿದು ನಡೆದು ಬಂದಳು. ಹತ್ತಿರ ಬಂದವಳು ನಿಂತೇಬಿಟ್ಟಳು.

"ಅಕ್ಕಾ! ನೀನಾ ಓಡ್ಸಿದ್ದು?" ಕೈಚೀಲ ತಡಕಾಡಿ ಕೀ ಎತ್ತಿ ತೋರಿಸಿದಳು. "ಕೀ ಇಲ್ಲೇ ಇದೆಯಲ್ಲ! ಅಪ್ಪಾ, ಇದು ಹೇಗೆ ಓಡ್ತಿದೆ?"

"ನನ್ನನ್ನೇನು ಕೇಳ್ತೀಯ" ಎಂದ ಅಪ್ಪ ಆಕಾಶ ನೋಡುತ್ತಾ. "ನಾನು ಕುರುಡ."

ಚಿಕ್ಕವಳು ಸುತ್ತಿ ಬಂದು ಮುಂದಿನ ಸೀಟಿನ ಬಾಗಿಲಿಗೆ ಕೈ ಹಾಕಿದಳು. ಅಭ್ಯಾಸ ಅವಳಿಗೆ. ಅಪ್ಪನಿಗೂ ಅಭ್ಯಾಸವೇ. "ಬಾ ಬಾ, ಕೂತ್ಕೋ" ಎಂದು ಏಳಲು ಹೊರಟ. ಒಂದು ಕಾಲು ಆಗಲೇ ಹೊರಗಿತ್ತು.

ದೊಡ್ಡವಳ ಎದೆಯಲ್ಲಿ ಆ ಕಡಲೆಕಾಯಿ ತಿನ್ನುವ ಹೆಂಗಸು ಬಂದು ಕೂತಳು.

"ಅಪ್ಪಾ, ಕಾಲು ಒಳಗೆ ತಗೋ" ಎಂದಳು. "ನೀನು ಇಲ್ಲಿ ಕೂರ್ದೆ ಇದ್ರೆ ನನಗೆ ಓಡ್ಸೋಕೆ ಬರಲ್ಲ."

ಅಪ್ಪ ಒಂದು ಕ್ಷಣ ಇಬ್ಬರ ಕಡೆಗೂ ಮುಖ ತಿರುಗಿಸಿದ. ಯಾರ ಮುಖವೂ ಅವನಿಗೆ ಕಾಣುತ್ತಿರಲಿಲ್ಲ. ಕಾಲು ಒಳಗೆ ತೆಗೆದುಕೊಂಡು ಬಾಗಿಲು ಎಳೆದುಕೊಂಡ.

"ಹಿಂದೆ ಹತ್ತೇ ಚಿಕ್ಕವಳೇ" ಎಂದಳು ದೊಡ್ಡವಳು. "ಮೂಟೆ ಮೇಲೆ ಕೂತ್ಕೋ. ಧೂಳು ಇರುತ್ತೆ, ಬಟ್ಟೆ ನೋಡ್ಕೋ."

ಜೀಪು ಹೊರಟಿತು. ಕನ್ನಡಿಯಲ್ಲಿ ತಂಗಿ ಕಂಡಳು. ಮೂಟೆಯ ಮೇಲೆ ಕಾಲು ಮಡಿಸಿಕೊಂಡು, ತುಟಿ ಬಿಗಿದುಕೊಂಡು, ಮುಂದಿನವರು ಏನು ಮಾತಾಡುತ್ತಾರೆಂದು ಕುತ್ತಿಗೆ ಚಾಚಿ ಕೂತಿದ್ದಳು. ಆ ಕುತ್ತಿಗೆಯ ನೋವು ದೊಡ್ಡವಳಿಗೆ ಚೆನ್ನಾಗಿ ಗೊತ್ತಿತ್ತು. ಜೋರಾಗಿ ಮಾತಾಡಿದರೆ ಹಿಂದಕ್ಕೂ ಕೇಳಿಸುತ್ತದೆ. ನಾಳೆ ಬೇಕಾದರೆ ಮಾತಾಡಿದರಾಯಿತು. ಇವತ್ತು ಅವಳು ಮೆಲ್ಲಗೇ ಮಾತಾಡಿದಳು, ಕನ್ನಡಿ ನೋಡುತ್ತಾ.

"ಮುಂದೆ ನೋಡೇ! ಮುಂದೆ!" ಎಂದು ಅಪ್ಪ ಕೂಗಿದ. ಅವನಿಗೆ ಹೇಗೆ ಗೊತ್ತಾಯಿತೋ.